ಹುಲಿಯಪ್ಪ ಓದಿದ ಇಸವಿ

ಹುಲಿಯಪ್ಪನ ಬಗ್ಗೆ ಊರಲ್ಲಿ ಏನೇನೋ ಹೇಳುತ್ತಾರೆ. ಹೇಳಲಿ. ಊರ ಬಾಯಿಗೆ ಹಾಕುವ ಬೀಗ ನನ್ನ ಹತ್ತಿರ ಇಲ್ಲ. ಆದರೆ ಸಾವಿರದ ಒಂಬೈನೂರ ಅರವತ್ನಾಲ್ಕರ ಮಾರ್ಚ್ ತಿಂಗಳಲ್ಲಿ ಆ ಪಿಸ್ತೂಲು ಸಾಗರದ ಠಾಣೆಯ ಮೇಜಿನ ಮೇಲಿದ್ದಾಗ, ಅದರ ಎದುರು ಪೆನ್ನು ಹಿಡಿದು ಕೂತಿದ್ದವನು ನಾನು. ಈಗ ಬಾಯಿಗೆ ಬಂದಂತೆ ಮಾತಾಡುವವರಲ್ಲಿ ಒಬ್ಬನೂ ಅಲ್ಲಿರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬರುವುದು.

ನನ್ನ ಹೆಸರು ಉಮಾಮಹೇಶ್ವರ. ತಾಲ್ಲೂಕು ಕಚೇರಿಯಲ್ಲಿ ಕೋವಿ ಗುಮಾಸ್ತನಾಗಿದ್ದೆ. ಹಂದಿ, ಮಂಗ ಓಡಿಸಲು ಮನೆಗೊಂದು ಕೋವಿ ಇಟ್ಟುಕೊಂಡ ಸೀಮೆ ನಮ್ಮದು. ವರ್ಷಕ್ಕೊಮ್ಮೆ ಎಲ್ಲರೂ ಕೋವಿ ಹೊತ್ತು ಕಚೇರಿಗೆ ಬರಬೇಕು. ಕೋವಿಯ ಮೇಲೆ ಕೊರೆದ ನಂಬರು, ಲೈಸೆನ್ಸ್ ಪುಸ್ತಕದ ನಂಬರು ಎರಡೂ ಒಂದೇ ಎಂದು ನಾನು ನೋಡಬೇಕು. ನನ್ನ ವಹಿಯಲ್ಲಿ ಮೂರು ಕಲಮು: ವಸ್ತು ಏನು, ಎಲ್ಲಿಯದ್ದು, ಯಾವ ಇಸವಿಯದ್ದು. ನಾನು ಪುರೋಹಿತರ ಮನೆಯ ಹುಡುಗ, ಕೋವಿಯ ಯಾವ ತುದಿಯಿಂದ ಗುಂಡು ಬರುತ್ತದೆ ಎಂಬುದೂ ಗೊತ್ತಿರಲಿಲ್ಲ. ಕಲಿಸಿದವನು ಹುಲಿಯಪ್ಪ.

ಅವನು ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದವನು. ಬರ್ಮಾದ ಗಡಿಯಲ್ಲಿ ಎಡಗಾಲಿಗೆ ಪೆಟ್ಟು ಬಿದ್ದು ಊರಿಗೆ ಬಂದು, ಸಾಗರದಲ್ಲಿ ಲೈಸೆನ್ಸ್ ಪಡೆದು, ಒಂದು ತಗಡಿನ ಶೆಡ್ಡಿನಲ್ಲಿ ಕೋವಿ ರಿಪೇರಿಗೆ ಕೂತಿದ್ದ. ಕುಂಟುತ್ತಾ ನಡೆಯುತ್ತಿದ್ದ, ಕಡಿಮೆ ಮಾತಾಡುತ್ತಿದ್ದ. ಕಬ್ಬಿಣದ ವಿಷಯ ಬಂದರೆ ಮಾತ್ರ ಅವನ ಬಾಯಿ ನಿಲ್ಲುತ್ತಿರಲಿಲ್ಲ.

ಒಂದು ವರ್ಷ ತೀರ್ಥಹಳ್ಳಿ ಕಡೆಯ ದೊಡ್ಡ ಒಡೆಯರೊಬ್ಬರು ನಮ್ಮ ತಾಲ್ಲೂಕಿಗೆ ಬಂದು ನೆಲೆಸಿದರು. ಅವರ ಹತ್ತಿರ ಒಂದು ರಿವಾಲ್ವರ್ ಇತ್ತು. ಹದಿನೈದನೇ ಇಸವಿಯಲ್ಲಿ ಬಿಳಿ ಕಲೆಕ್ಟರು ತಮ್ಮ ಅಜ್ಜನಿಗೆ ಮೆಚ್ಚಿ ಕೊಟ್ಟದ್ದು ಎಂದು ಕಚೇರಿಯ ಜವಾನನವರೆಗೂ ಎಲ್ಲರಿಗೂ ಹೇಳಿದರು. ನಾನು ಕಚೇರಿಗೆ ಕರೆಸಿದ್ದ ಹುಲಿಯಪ್ಪ ಅದನ್ನು ತಿರುಗಿಸಿ, ಬಲಗಡೆ, ಗುಂಡಿಗೆ ಬಡಿಯುವ ಕುದುರೆಯ ಕೆಳಗೆ ಬೆರಳಿನಿಂದ ಉಜ್ಜಿದ. ಅಲ್ಲಿ ಸಣ್ಣ ಕಿರೀಟ, ಅದರ ಕೆಳಗೆ ಇಂಗ್ಲಿಷ್ ಅಕ್ಷರ, ಅದರ ಕೆಳಗೆ 1942.

"ಅಜ್ಜೋರು ಯಾವಾಗ ತೀರ್ಕೊಂಡ್ರು ಒಡೆಯ?"

"ಮೂವತ್ತೊಂದರಲ್ಲಿ."

"ಹಂಗಾರೆ ಇದು ಅವ್ರ ತಿಥಿಗೆ ಬಂದಿದ್ದಿರ್ಬೇಕು."

ಒಡೆಯರ ಮುಖ ಹುಳಿ ಮಜ್ಜಿಗೆ ಕುಡಿದಂತಾಯಿತು. ನಾನು ವಹಿಯಲ್ಲಿ ತಲೆ ಹುದುಗಿಸಿ ನಕ್ಕೆ. ಅವರು ಹೋದ ಮೇಲೆ ಹುಲಿಯಪ್ಪ, "ಮನುಷ್ಯ ಏನ್ ಬೇಕಾದ್ರೂ ಹೇಳ್ತಾನೆ ಭಟ್ರೆ. ಕಬ್ಬಿಣ ಹೇಳಲ್ಲ. ಅದಕ್ಕೆ ಹುಟ್ಟಿದ ದಿನಾನೇ ಮೈಮೇಲೆ ಬರ್ದು ಕಳಿಸಿರ್ತಾರೆ" ಎಂದ.

ಜಪಾನಿಯರ ಪಿಸ್ತೂಲಿನ ಲೆಕ್ಕ ಹೇಳಿಕೊಟ್ಟವನೂ ಅವನೇ. ಒಂದು ಮಧ್ಯಾಹ್ನ ಕೆಲಸವಿಲ್ಲದೆ ಕೂತಿದ್ದಾಗ, ಅವರು ನಮ್ಮ ಇಸವಿ ಹಾಕುವುದಿಲ್ಲ, ಅವರ ದೊರೆ ಪಟ್ಟಕ್ಕೆ ಬಂದ ವರ್ಷದಿಂದ ಎಣಿಸುತ್ತಾರೆ ಎಂದು ಹೇಳಿದ. ಮೊದಲು ವರ್ಷ, ಆಮೇಲೆ ಒಂದು ಚುಕ್ಕೆ, ಆಮೇಲೆ ತಿಂಗಳು. ವರ್ಷಕ್ಕೆ ಇಪ್ಪತ್ತೈದು ಕೂಡಿಸಿದರೆ ನಮ್ಮ ಶತಮಾನದ ಲೆಕ್ಕ ಸಿಗುತ್ತದೆ. ಇಕ್ಕೇರಿಯ ಶಾಸನ ಓದುವವರು ಶಕವರ್ಷಕ್ಕೆ ಎಪ್ಪತ್ತೆಂಟು ಕೂಡಿಸುವುದು ನನಗೆ ಗೊತ್ತಿತ್ತು. ಶಕಕ್ಕೆ ಎಪ್ಪತ್ತೆಂಟು, ಜಪಾನಿಗೆ ಇಪ್ಪತ್ತೈದು ಎಂದು ತಲೆಯಲ್ಲಿ ಕೂರಿಸಿಕೊಂಡೆ. ಅದು ಯಾವತ್ತಾದರೂ ಕೆಲಸಕ್ಕೆ ಬಂದೀತು ಎಂದುಕೊಂಡಿರಲಿಲ್ಲ. ಬರದಿದ್ದರೇ ಚೆನ್ನಾಗಿತ್ತು.

ಇಷ್ಟು ಹೇಳಿದ ಮೇಲೆ ಗುತ್ಯಪ್ಪನ ವಿಷಯ ಹೇಳಲೇಬೇಕು.

ಹೊನ್ನೆಮರಡಿನ ಆಚೆ, ಹೊಳೆ ದಂಡೆಯಲ್ಲಿ ಏಳೆಂಟು ಮನೆಗಳ ಒಂದು ಊರಿತ್ತು. ಹುಲಿಯಪ್ಪ, ಗುತ್ಯಪ್ಪ ಇಬ್ಬರೂ ಅಲ್ಲಿಯವರು. ಒಟ್ಟಿಗೆ ದನ ಕಾದವರು, ನಲವತ್ತೊಂದರಲ್ಲಿ ಒಂದೇ ದಿನ ಸೈನ್ಯಕ್ಕೆ ಹೆಸರು ಕೊಟ್ಟವರು. ಗುತ್ಯಪ್ಪನಿಗೆ ಆಗಷ್ಟೇ ಮದುವೆಯಾಗಿತ್ತು, ಹೆಂಡತಿ ಬೆಳ್ಳಮ್ಮ. ನಲವತ್ಮೂರರ ದಸರೆಗೆ ಇಬ್ಬರೂ ರಜೆಯ ಮೇಲೆ ಬಂದು ಹೋದರು. ನಲವತ್ನಾಲ್ಕರ ಫೆಬ್ರವರಿಯಲ್ಲಿ ಗುತ್ಯಪ್ಪ ಕಾಣೆಯಾಗಿದ್ದಾನೆ ಎಂದು ಸರ್ಕಾರದ ಕಾಗದ ಬಂತು. ಸತ್ತ ಎಂದಲ್ಲ, ಕಾಣೆ ಎಂದು.

ಕಾಣೆಯಾದವನಿಗೆ ಹನ್ನೆರಡು ವರ್ಷ ಕಾಯಬೇಕೆಂಬುದು ಆ ಊರಿನ ಹಿರಿಯರ ಕಟ್ಟಳೆ. ಅಲ್ಲಿಯವರೆಗೆ ಹೆಂಡತಿಯಾದವಳು ಮುತ್ತೈದೆಯೂ ಅಲ್ಲ, ವಿಧವೆಯೂ ಅಲ್ಲ. ಮದುವೆ ಮನೆಗೆ ಕರೆಯುವುದಿಲ್ಲ, ತವರಿಗೆ ಕಳಿಸುವುದಿಲ್ಲ. ಆದರೆ ಸತ್ತದ್ದನ್ನು ಕಣ್ಣಾರೆ ಕಂಡವನೊಬ್ಬ ಹೂತ ಜಾಗದ ಮಣ್ಣು ತಂದು ಹಿರಿಯರ ಮುಂದಿಟ್ಟು, 'ನಾನು ಮಣ್ಣು ಕೊಟ್ಟೆ' ಎಂದರೆ ಕಾಯುವುದು ಬೇಡ. ಆ ಮಣ್ಣನ್ನೇ ಹೆಣವೆಂದು ತಿಳಿದು ಹಿತ್ತಲಲ್ಲಿ ಹೂತು, ಮೇಲೊಂದು ಕಲ್ಲಿಟ್ಟು ಕರ್ಮ ಮುಗಿಸುತ್ತಾರೆ. ಆಮೇಲೆ ಅವಳಿಗೆ ಕೂಡಿಕೆ ಮಾಡಬಹುದು, ಅಂದರೆ ಇನ್ನೊಬ್ಬನ ಜೊತೆ ಸಂಸಾರ ಹೂಡಿಕೊಡಬಹುದು.

ಹುಲಿಯಪ್ಪ ಆ ವರ್ಷದ ಕೊನೆಗೆ ಕುಂಟುತ್ತಾ ಊರಿಗೆ ಬಂದ. ಚೀಲದಿಂದ ಒಂದು ಸಿಗರೇಟ್ ಡಬ್ಬಿ ತೆಗೆದು ಹಿರಿಯರ ಮುಂದಿಟ್ಟ. ಅದರ ತುಂಬ ಕೆಂಪು ಮಣ್ಣು. ಗುತ್ಯಪ್ಪ ನನ್ನ ತೊಡೆಯ ಮೇಲೇ ಪ್ರಾಣ ಬಿಟ್ಟ, ನಾನೇ ಗುಂಡಿ ತೋಡಿದೆ, ನಾನು ಮಣ್ಣು ಕೊಟ್ಟೆ ಎಂದ. ಕರ್ಮವಾಯಿತು, ಹಿತ್ತಲಲ್ಲಿ ಕಲ್ಲು ನಿಂತಿತು. ಮುಂದಿನ ಮಾಘದಲ್ಲಿ ಬೆಳ್ಳಮ್ಮನಿಗೂ ಹುಲಿಯಪ್ಪನಿಗೂ ಕೂಡಿಕೆಯಾಯಿತು. ಒಬ್ಬ ಮಗಳು ಹುಟ್ಟಿದಳು, ಕನ್ನಮ್ಮ. ಬೆಳ್ಳಮ್ಮ ಮಾತ್ರ ಮೊದಲ ಅತ್ತೆಯನ್ನು ಬಿಡಲಿಲ್ಲ. ಪ್ರತಿ ವರ್ಷ ಹಿರಿಯರ ಹಬ್ಬಕ್ಕೆ ಹೋಗಿ ಆ ಕಲ್ಲಿನ ಮುಂದೆ ಎಡೆ ಇಟ್ಟು ಬರುತ್ತಿದ್ದಳು.

ಇದೆಲ್ಲ ನನಗೆ ಗೊತ್ತಿದ್ದ ಕತೆ. ಸಾಗರದಲ್ಲಿ ಯಾರಿಗೆ ಗೊತ್ತಿರಲಿಲ್ಲ? ಒಳ್ಳೆಯ ಸ್ನೇಹಿತ ಅಂದರೆ ಹೀಗಿರಬೇಕು ಎಂದು ನಾನೇ ನಾಲ್ಕು ಜನರಿಗೆ ಹೇಳಿದ್ದೆ.

ಅರವತ್ನಾಲ್ಕರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿಯುತ್ತಾ ಬಂದಿತ್ತು. ನೀರು ಬರುವ ಮೊದಲು ಹೊಳೆಸಾಲಿನ ಊರುಗಳು ಖಾಲಿಯಾಗಬೇಕಿತ್ತು. ಗುತ್ಯಪ್ಪನ ತಮ್ಮ ಕನ್ನಪ್ಪನಿಗೆ ಹೊಸನಗರದ ಕಡೆ ಜಮೀನು ಕೊಟ್ಟಿದ್ದರು. ಅವನು ಮನೆ ಬಿಚ್ಚಿ ತೊಲೆ, ಹೆಂಚುಗಳನ್ನು ಲಾರಿಗೆ ಹೇರುತ್ತಿದ್ದ. ಅಟ್ಟದ ಮೇಲಿನ ಹಳೆಯ ಪತ್ತಾಸನ್ನು, ದೊಡ್ಡ ಮರದ ಪೆಟ್ಟಿಗೆಯನ್ನು, ಎಳೆದಾಗ ಎಣ್ಣೆಬಟ್ಟೆಯ ಗಂಟೊಂದು ಕೆಳಗೆ ಬಿತ್ತು. ಬಿಚ್ಚಿದರೆ ಪಿಸ್ತೂಲು. ಲಾರಿಯವನು ಅದರ ಮೇಲಿನ ಅಕ್ಷರ ನೋಡಿದ್ದೇ ತಡ, ಚೀನಾದ್ದು ಎಂದು ಠಾಣೆಗೆ ಸುದ್ದಿ ಮುಟ್ಟಿಸಿದ.

ಚೀನಾ ನಮ್ಮ ಮೇಲೆ ಬಿದ್ದು ಇನ್ನೂ ಎರಡು ವರ್ಷವಾಗಿರಲಿಲ್ಲ. ತುರ್ತು ಪರಿಸ್ಥಿತಿ ಹಾಗೇ ಇತ್ತು. ಮಲೆನಾಡಿನ ಅಟ್ಟದಲ್ಲಿ ಚೀನಾ ಪಿಸ್ತೂಲು ಎಂದರೆ ಕೇಳಬೇಕೇ? ಬಸ್ ನಿಲ್ದಾಣದ ಹೋಟೆಲಿನಲ್ಲಿ ದೋಸೆ ತಿನ್ನುವವನ ಕೈ ತಟ್ಟೆಯಲ್ಲೇ ನಿಂತಿತು. ಸಂಜೆಯ ಹೊತ್ತಿಗೆ ಒಂದು ಪಿಸ್ತೂಲು ಒಂದು ಪೆಟ್ಟಿಗೆ ಪಿಸ್ತೂಲಾಯಿತು. ವರದಹಳ್ಳಿಗೆ ಬಂದ ಯಾತ್ರಿಕರಲ್ಲಿ ಚೀನಾದವರು ವೇಷ ಹಾಕಿಕೊಂಡಿದ್ದಾರೆ ಎಂದ ಮಹಾನುಭಾವನೂ ಇದ್ದ. ಇಂಥವರಿಗೆ ಮೆದುಳು ಕೊಟ್ಟ ದೇವರು ಅದನ್ನು ಬಳಸುವ ಬಗೆಯನ್ನೂ ಹೇಳಿಕೊಡಬೇಕಿತ್ತು.

ಮರುದಿನ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ನಾರಾಯಣಮೂರ್ತಿ ನನಗೆ ಹೇಳಿ ಕಳಿಸಿದರು. ಇಂಥ ನಂಬರಿನ ಆಯುಧ ನನ್ನ ವಹಿಯಲ್ಲಿ ಇದೆಯೇ ನೋಡಬೇಕಿತ್ತು, ಪಂಚನಾಮೆಯನ್ನೂ ಬರೆಯಬೇಕಿತ್ತು. ಅವರು ಮೈಸೂರಿನ ಕಡೆಯವರು, ಕೆಟ್ಟವರಲ್ಲ, ಆದರೆ ಮೇಲಿನವರಿಗೆ ಹೆದರುತ್ತಿದ್ದರು. ಕನ್ನಪ್ಪನನ್ನು ಒಳಗಿನ ಕೋಣೆಯಲ್ಲಿ ಕೂರಿಸಿದ್ದರು. ಸಾಗರ ತಾಲ್ಲೂಕಿನ ಗಡಿ ದಾಟಿದವನಲ್ಲ ಅವನು. ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದ. ಅವನ ಮೂರು ಮಕ್ಕಳು ಅಲ್ಲಿ ಬಯಲಲ್ಲಿ, ಬಿಚ್ಚಿದ ಮನೆಯ ಪಕ್ಕದಲ್ಲಿ, ಪಾತ್ರೆಗಳ ನಡುವೆ ಇದ್ದರು.

"ನೋಡಿ ಭಟ್ರೇ, ಚೀನಾದ್ದು ಅಂತಾದ್ರೆ ಇವನನ್ನ ಇವತ್ತೇ ಶಿವಮೊಗ್ಗಕ್ಕೆ ಕಳಿಸ್ಬೇಕು. ಜಾಮೀನು ಗೀಮೀನು ಯಾವ್ದೂ ಇಲ್ಲ. ಇವನೇನೋ ಸತ್ತ ಅಣ್ಣ ಸೈನ್ಯದಿಂದ ತಂದಿಟ್ಟಿರ್ಬೇಕು ಅಂತಾನೆ. ಅದು ನಿಜ ಆದ್ರೆ ನನಗೂ ಸಂತೋಷ. ಯಾರು ಹೇಳೋರು?"

"ಹುಲಿಯಪ್ಪ ಹೇಳ್ತಾನೆ ಸಾರ್" ಎಂದೆ. ನಾನೇ ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಹುಲಿಯಪ್ಪ ಬಂದ. ಬರುವಾಗ ಧೈರ್ಯವಾಗಿಯೇ ಇದ್ದ. ಠಾಣೆಯ ಜಗಲಿಯ ಮೇಲೆ ಗುತ್ಯಪ್ಪನ ತಾಯಿ ಬಂಗಾರಮ್ಮ ಕಂಬಕ್ಕೊರಗಿ ಕೂತಿದ್ದಳು. ಬೆಳ್ಳಮ್ಮ ಅವಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಿದ್ದಳು. ಹುಲಿಯಪ್ಪ ಮುದುಕಿಯ ಹತ್ತಿರ ಬಗ್ಗಿ, "ಹೆದರ್ಬ್ಯಾಡವ್ವ, ಕನ್ನಪ್ಪನ್ನ ಮಧ್ಯಾಹ್ನದೊಳಗೆ ಮನೆಗೆ ಕರ್ಕಂಡ್ ಹೋಗ್ತೀನಿ" ಎಂದ. ಮುದುಕಿ ಅವನ ಮುಖ ನೋಡಲಿಲ್ಲ.

ಒಳಗೆ ಬಂದು ಪಿಸ್ತೂಲು ಎತ್ತಿಕೊಂಡವನೇ ನಕ್ಕುಬಿಟ್ಟ.

"ಚೀನಾದ್ದಲ್ಲ ಸಾರ್. ಜಪಾನಿಂದು. ಬಡ್ಡಿಮಗಂದು, ಇದನ್ನ ನಾನು ಅಲ್ಲಿ ಬೇಕಾದಷ್ಟು ಬಿಚ್ಚೀನಿ." ತೆಳ್ಳಗಿನ ನಳಿಗೆ, ಗೀರು ಗೀರಾದ ಮರದ ಹಿಡಿ, ಹಿಂಬದಿಯ ದುಂಡನೆಯ ಗುಬುಟು ಒಂದೊಂದನ್ನೂ ತೋರಿಸಿದ. ಎಡಬದಿಯಲ್ಲಿ ನಾಲ್ಕು ಅಕ್ಷರಗಳಿದ್ದವು, ಮೊದಲನೆಯದು ನಮ್ಮ ಕೂಡಿಸುವ ಗುರುತಿನಂತೆ ಇತ್ತು. "ಈ ಗುರ್ತು ಇದ್ರೆ ಜಪಾನಿನ ಹಿಂದಿನ ದೊರೆಯ ಹದಿನಾಕನೇ ವರ್ಷದ ಮಾದರಿ. ಮಾದರಿ ಯಾವ್ದು ಅಂತ ಎಡಗಡೆ. ಯಾವಾಗ ಮಾಡಿದ್ದು ಅಂತ ಬಲಗಡೆ."

ಸಬ್ ಇನ್ಸ್‌ಪೆಕ್ಟರು ಕುರ್ಚಿಗೆ ಒರಗಿ ಉಸಿರು ಬಿಟ್ಟರು. "ಅರ್ಧ ಬದುಕಿದೆ ಹುಲಿಯಪ್ಪ. ಈಗ ಇಸವಿ ಹೇಳಿಬಿಡು. ನಿನ್ನ ಗೆಳೆಯ ರಜಕ್ಕೆ ಬಂದಿದ್ದು ನಲವತ್ಮೂರರ ದಸರಾಕ್ಕೆ ತಾನೆ? ಅದಕ್ಕಿಂತ ಮುಂಚಿಂದು ಅಂತಾದ್ರೆ ಸತ್ತವನು ತಂದಿದ್ದು ಅಂತ ಬರ್ದು ಈ ಫೈಲು ಮುಚ್ತೀನಿ. ಆಮೇಲಿಂದಾದ್ರೆ ಕನ್ನಪ್ಪ ಯಾರ ಹತ್ರ ತಗೊಂಡ ಅಂತ ಹೇಳ್ಬೇಕಾಗತ್ತೆ."

ಹುಲಿಯಪ್ಪ ಪಿಸ್ತೂಲನ್ನು ಬಲಕ್ಕೆ ತಿರುಗಿಸಿದ. ಹೆಬ್ಬೆರಳಿನಿಂದ ಎಣ್ಣೆಯ ಜಿಡ್ಡು ಒರೆಸಿದ. ಅಲ್ಲೇ ನಿಂತುಬಿಟ್ಟ.

ನಾನು ಬಗ್ಗಿ ನೋಡಿದೆ. ಮೇಲೆ ಐದಂಕಿಯ ನಂಬರು, ಕೊನೆಯ ಮೂರು 417. ಹಿಂದುಗಡೆ ಒಂದು ಪುಟ್ಟ ಅಕ್ಷರ, ಅದರ ಪಕ್ಕದಲ್ಲಿ 19.8.

ತಲೆ ತನ್ನಷ್ಟಕ್ಕೆ ಕೂಡಿಸಿತು. ಹತ್ತೊಂಬತ್ತಕ್ಕೆ ಇಪ್ಪತ್ತೈದು, ನಲವತ್ನಾಲ್ಕು. ಎಂಟನೇ ತಿಂಗಳು, ಆಗಸ್ಟ್. ಗುತ್ಯಪ್ಪ ಫೆಬ್ರವರಿಯಲ್ಲಿ ಸತ್ತಿದ್ದ. ಅವನು ಸತ್ತು ಆರು ತಿಂಗಳಾದ ಮೇಲೆ ಜಪಾನಿನಲ್ಲಿ ಹುಟ್ಟಿದ ಪಿಸ್ತೂಲು ಹೊನ್ನೆಮರಡಿನ ಆಚೆಯ ಅಟ್ಟಕ್ಕೆ ಹೇಗೆ ಬಂತು? ಕನ್ನಪ್ಪನ ಕತೆ ಮುಗಿಯಿತು ಅಂದುಕೊಂಡೆ. ನನಗೆ ಅಷ್ಟೇ ಹೊಳೆದದ್ದು. ಹುಲಿಯಪ್ಪನಿಗೆ ಆಗಲೇ ಎಲ್ಲವೂ ಹೊಳೆದಿತ್ತು.

"ಒಂದ್ ಸ್ವಲ್ಪ ಬಿಚ್ಚಿ ನೋಡ್ತೀನಿ ಸಾರ್" ಎಂದ. ಅವನ ಧ್ವನಿ ಬೇರೆಯಾಗಿತ್ತು. "ಒಂದರ ಮೈಗೆ ಇನ್ನೊಂದರ ಭಾಗ ಕೂಡಿಸಿರ್ತಾರೆ ಒಂದೊಂದ್ಸಲ."

ಹಳೆಯ ಪೇಪರು ಹಾಸಿ, ಹಿಂದಿನ ಗುಬುಟನ್ನು ತಿರುಪಿ ಬಿಚ್ಚಿದ. ಒಂದೊಂದೇ ಭಾಗ ತೆಗೆದು ಬೆಳಕಿಗೆ ಹಿಡಿದ. ಗುಂಡನ್ನು ಹೊಡೆಯುವ ಮೊಳೆಯ ಮೇಲೆ 417. ಬೀಗದ ತುಂಡಿನ ಮೇಲೆ 417. ಗುಂಡು ತುಂಬುವ ಗೂಡಿನ ತಳದಲ್ಲಿ 417. ಎಲ್ಲಾದರೂ ಒಂದು ಕಡೆ ಬೇರೆ ಅಂಕಿ ಸಿಗಲಿ ಎಂದು ಹುಡುಕುತ್ತಿದ್ದ. ಸಿಕ್ಕಿದ್ದರೆ, ಇಸವಿ ಕೊರೆದ ಭಾಗ ಆಮೇಲೆ ಕೂಡಿಸಿದ್ದು, ಹೇಳಲಾಗದು ಎನ್ನಬಹುದಿತ್ತು. ಸಿಗಲಿಲ್ಲ. ಎಲ್ಲವೂ ಒಂದೇ ದಿನ ಹುಟ್ಟಿದವು.

"ಎಷ್ಟು ಹುಲಿಯಪ್ಪ?"

ಅವನು ಬಿಚ್ಚಿದ ಭಾಗಗಳನ್ನು ಮತ್ತೆ ಕೂಡಿಸತೊಡಗಿದ. ನನಗೆ ತಡೆಯಲಾಗಲಿಲ್ಲ. ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಸುಳ್ಳಂಕಿ ಬರೆದವನಲ್ಲ ನಾನು. ಆದರೆ ಒಳಗೆ ಕನ್ನಪ್ಪ ಅಳುತ್ತಿರುವುದು ಕೇಳಿಸುತ್ತಿತ್ತು.

"ಹದಿನೆಂಟು ಅಲ್ವಾ ಅದು? ಮಾಸಿದೆ. ಹದಿನೆಂಟು ಅಂದ್ರೆ ನಲವತ್ಮೂರಾಯ್ತು" ಎಂದು ಹೇಳಿ ಪೆನ್ನನ್ನು ಕಾಗದಕ್ಕೆ ಊರಿದೆ.

ಹುಲಿಯಪ್ಪ ನನ್ನನ್ನು ನೋಡಿದ. ಆ ನೋಟದಲ್ಲಿ ಕೃತಜ್ಞತೆಯೂ ಇತ್ತು, ಭಯವೂ ಇತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಇಡೀ ಜಿಲ್ಲೆಯಲ್ಲಿ ಆ ಲೆಕ್ಕ ಗೊತ್ತಿದ್ದವರು ನಾವಿಬ್ಬರೇ.

"ಹತ್ತೊಂಬತ್ತು ಭಟ್ರೆ" ಎಂದ. "ಮಾಸಿಲ್ಲ. ನಲವತ್ನಾಲ್ಕು, ಆಗಸ್ಟು. ಬರೀರಿ."

ಸಬ್ ಇನ್ಸ್‌ಪೆಕ್ಟರು ಎದ್ದು ನಿಂತರು. "ಹಾಗಾದ್ರೆ ಸತ್ತವನು ತಂದಿಲ್ಲ. ಕನ್ನಪ್ಪನೇ..."

"ಕನ್ನಪ್ಪ ಅಲ್ಲ ಸಾರ್. ಅಂವಗೆ ಆಗ ಹದಿನಾಕು ವರ್ಷ." ಹುಲಿಯಪ್ಪ ಮೇಜನ್ನು ಹಿಡಿದುಕೊಂಡ. "ಗುತ್ಯಪ್ಪನೇ ತಂದಿರ್ಬೇಕು. ನಾನು ಅಂವ ಸತ್ತಿದ್ದು ಕಂಡಿಲ್ಲ."

ನನ್ನ ಪೆನ್ನಿನಿಂದ ಶಾಯಿ ಸೋರಿ ಪಂಚನಾಮೆಯ ಮೇಲೆ ಹರಡುತ್ತಿತ್ತು, ನಾನು ನೋಡುತ್ತಾ ಕೂತಿದ್ದೆ.

ಬಾಗಿಲಿನಿಂದ ಬಂಗಾರಮ್ಮನ ಧ್ವನಿ ಬಂತು. ಯಾವಾಗ ಎದ್ದು ಬಂದಿದ್ದಳೋ ಗೊತ್ತಿಲ್ಲ. "ಹೌದು ಅಯ್ಯ, ನನ್ ಮಗನೇ ತಂದಿದ್ದು. ಕಿರಿಯಂವನ್ನ ಬಿಡ್ರಿ. ಅಂವಂಗೆ ಎಂತದೂ ಗೊತ್ತಿಲ್ಲ."

ಮುದುಕಿ ಅಳಲಿಲ್ಲ. ನೆಲ ನೋಡುತ್ತಾ ಹೇಳಿದಳು. ಜಪಾನಿಯರು ಗುತ್ಯಪ್ಪನನ್ನು ಸೆರೆ ಹಿಡಿದಿದ್ದರು. ಯುದ್ಧ ಮುಗಿದ ಮೇಲೆ ಬಿಡುಗಡೆಯಾಯಿತು, ಸೋತ ಜಪಾನಿಯರು ಒಪ್ಪಿಸಿದ ಪಿಸ್ತೂಲುಗಳಲ್ಲೊಂದನ್ನು ಅಡಗಿಸಿಕೊಂಡ. ಸರ್ಕಾರದ ಕಾಗದ ಬರುವುದಕ್ಕಿಂತ ಮೊದಲು ಅವನೇ ಬಂದ. ನಲವತ್ತಾರರ ಸಂಕ್ರಾಂತಿಯ ಮಾರನೆಯ ದಿನ, ಮಟಮಟ ಮಧ್ಯಾಹ್ನ, ಕನ್ನಪ್ಪ ದನದ ಹಿಂದೆ ಹೋಗಿದ್ದಾಗ. ಬಂದವನು ಹಿತ್ತಲಲ್ಲಿ ಕಾಲು ತೊಳೆಯಲು ಹೋಗಿ ಆ ಕಲ್ಲು ನೋಡಿದ. ಇದು ಯಾರದವ್ವ ಎಂದು ಕೇಳಿದ.

"ನಿಂದು ಅಂದೆ" ಎಂದಳು ಬಂಗಾರಮ್ಮ. "ಬೆಳ್ಳಿ ಎಲ್ಲಿ ಅಂದ. ಹುಲಿಯಪ್ಪನ ಮನೇಲಿ, ಅವಳಿಗೆ ಆರು ತಿಂಗಳು ಅಂದೆ. ಗಂಜಿ ಇಟ್ಟೆ, ಉಣ್ಲಿಲ್ಲ. ಸೊಂಟದಿಂದ ಅದನ್ನ ತೆಗ್ದು ಅಟ್ಟ ಹತ್ತಿ ಇಟ್ಟ. ಇದು ನನ್ನ ಹತ್ರ ಇದ್ರೆ ಈ ರಾತ್ರಿನೇ ಹುಲಿಯಪ್ಪನ ಮನೆಗೆ ಹೋಗ್ತೀನಿ ಅವ್ವ, ನಾ ಬಂದಿದ್ದು ಯಾರಿಗೂ ಹೇಳ್ಬ್ಯಾಡ ಅಂದ. ಹೊತ್ತು ಮುಳುಗೋದ್ರೊಳಗೆ ಹೋದ."

"ಎಲ್ಲಿಗೆ?" ಸಬ್ ಇನ್ಸ್‌ಪೆಕ್ಟರ ಧ್ವನಿ ಮೆತ್ತಗಾಗಿತ್ತು.

"ಕೋಣಂದೂರಿಗೆ. ಮರ ಕೊಯ್ಯೋ ಕೆಲ್ಸ. ಹನ್ನೊಂದು ವರ್ಷ ಇದ್ದ. ವರ್ಷಕ್ಕೊಂದ್ಸಲ ಸ್ವಾಮಿ ನೋಡಿ ಬರ್ತೀನಿ ಅಂತ ಹೇಳಿ ಅಂವನ್ನ ನೋಡಿ ಬರ್ತಿದ್ದೆ. ಐವತ್ತೇಳ್ರಲ್ಲಿ ಜ್ವರ ಬಂದು ಹೋದ. ಮಣ್ಣು ಕೊಟ್ಟಿದ್ದು ನಾನು." ಸೀರೆಯ ಗಂಟು ಬಿಚ್ಚಿ, ಮಡಿಚಿ ಮಡಿಚಿ ಹರಿದ ಕಾಗದವೊಂದನ್ನು ಮೇಜಿನ ಮೇಲಿಟ್ಟಳು. ಸೈನ್ಯದ ಬಿಡುಗಡೆ ಪತ್ರ. ಹೆಸರು ಗುತ್ಯಪ್ಪ. ತಾರೀಕು 1945ರ ಡಿಸೆಂಬರು.

ಕನ್ನಪ್ಪ ಬಿಡುಗಡೆಯಾದ. ಅದೊಂದು ಸರಿಯಾಯಿತು.

ಬೆಳ್ಳಮ್ಮ ಜಗಲಿಯಲ್ಲಿ ಕಂಬದ ಪಕ್ಕ ನಿಂತೇ ಇದ್ದಳು. ಪ್ರತಿಯೊಂದು ಮಾತನ್ನೂ ಕೇಳಿದ್ದಳು. ಹುಲಿಯಪ್ಪ ಕುಂಟುತ್ತಾ ಹೊರಗೆ ಬಂದಾಗ ಅವಳು ಕೇಳಿದ್ದು ಒಂದೇ.

"ನಿಮ್ಮ ತೊಡೆ ಮೇಲೆ ಪ್ರಾಣ ಬಿಟ್ಟ ಅಂದಿದ್ರಲ್ಲ."

"ಸುಳ್ಳು" ಎಂದ ಅವನು.

"ಮಣ್ಣು?"

"ಕಾಲಿಗೆ ಪೆಟ್ಟಾಗಿ ನಾನು ಮಲಗಿದ್ನಲ್ಲ, ರಾಂಚಿ ಆಸ್ಪತ್ರೇದು. ತೋಟದ್ದು."

ಅವಳು ಅವನನ್ನು ಬೈಯಲಿಲ್ಲ. ಅತ್ತೆಯ ಕೈ ಹಿಡಿದು ಮೆಟ್ಟಿಲಿಳಿಸಿ ಕನ್ನಪ್ಪನ ಜೊತೆ ಹೊರಟುಹೋದಳು. ಹುಲಿಯಪ್ಪ ಅಲ್ಲೇ ನಿಂತಿದ್ದ. ನಾನು ಏನಾದರೂ ಹೇಳಬೇಕಿತ್ತು. ಮನೆಗೆ ಹೋದೆ. ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದನ್ನು ನೋಡಿ ನನ್ನ ಹೆಂಡತಿ ಮಹಾಲಕ್ಷ್ಮೀ, "ಎಂತ ಆತು? ಅನ್ನ ತಣ್ಣಗಾತು" ಎಂದಳು. "ಎಂತೂ ಇಲ್ಲೆ" ಎಂದೆ. ಎಷ್ಟು ಸಲೀಸಾಗಿ ಬಾಯಿಗೆ ಸುಳ್ಳು ಬರುತ್ತದೆ ನೋಡಿ.

ಮರುದಿನ ಶೆಡ್ಡಿಗೆ ಹೋದೆ. ನನಗೆ ವಿಪರೀತ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ನನಗೇ ಗೊತ್ತಿರಲಿಲ್ಲ.

"ಹದಿನೆಂಟು ಅಂತ ನಾನೇ ಹೇಳಿದ್ನಲ್ಲೋ ಮಾರಾಯ. ಹೂಂ ಅಂದಿದ್ರೆ ಕನ್ನಪ್ಪನೂ ಬಿಡುಗಡೆ ಆಗ್ತಿದ್ದ, ನಿನ್ನ ಸಂಸಾರವೂ ಉಳೀತಿತ್ತು."

ಅವನು ಕಬ್ಬಿಣ ಉಜ್ಜುತ್ತಿದ್ದ ಅರವನ್ನು ಕೆಳಗಿಟ್ಟ. "ಬರ್ಮಾದಲ್ಲಿ ನಾನು ಹದಿನೇಳರದ್ದು, ಹದಿನೆಂಟರದ್ದು ನೋಡಿದ್ದೆ ಭಟ್ರೆ. ಹತ್ತೊಂಬತ್ತು ಅಂತ ನೋಡಿದ್ದೇ ನಿನ್ನೆ. ಅದು ಬರೋದ್ರೊಳಗೆ ನನ್ನ ಕಾಲು ಹೋಗಿತ್ತು. ಅಂವ ಅಲ್ಲೇ ಇದ್ದ." ಮತ್ತೆ ಅರ ಎತ್ತಿಕೊಂಡ. "ಹದಿನೆಂಟು ಅಂದಿದ್ರೆ ಅಂವ ತಿರುಗಿ ಬಂದಿದ್ದ ಅನ್ನೋದು ನನಗೊಬ್ಬಂಗೇ ಗೊತ್ತಿರ್ತಿತ್ತು. ಅದನ್ನ ಎದೇಲಿಟ್ಕಂಡು ಅವಳ ಕೈ ಅನ್ನ ಹೆಂಗ್ ಉಣ್ಣೋದು?"

"ಅವತ್ತು ಯಾಕೆ ಹೇಳಿದೆ ಆ ಸುಳ್ಳು?"

"ಅಂವ ಸತ್ತ ಅಂತಲೇ ನಂಬಿದ್ದೆ. ಹಂಗಿತ್ತು ಆ ಜಾಗ, ಯಾರೂ ಉಳಿಯೋ ಹಂಗಿರ್ಲಿಲ್ಲ. ಕಂಡಿಲ್ಲ ಅಂದ್ರೆ ಅವ್ಳು ಹನ್ನೆರಡು ವರ್ಷ ಮೂಲೇಲಿ ಕೂರ್ಬೇಕು. ಇಪ್ಪತ್ತು ವರ್ಷದ ಹುಡುಗಿ. ಪಾಪ ಅನ್ನಿಸ್ತು." ಅವನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಮತ್ತೆ ಅವ್ಳ ಮೇಲೆ ನನಗೆ ಮೊದ್ಲಿಂದ ಮನಸ್ಸಿತ್ತು ಭಟ್ರೆ. ಅಂವನ ಮದುವೆ ದಿನದಿಂದ. ಅದೂ ಸೇರ್ಕಂಡಿತ್ತು."

ಅವನಿಗೆ ಬೈಯಬೇಕೆಂದು ಬಂದಿದ್ದ ನನಗೆ ನಾಚಿಕೆಯಾಯಿತು. ಹೀಗೆ ಒಪ್ಪಿಕೊಳ್ಳುವ ಎದೆ ನನಗಿಲ್ಲ.

ಅಷ್ಟರಲ್ಲಿ ಬೆಳ್ಳಮ್ಮ ಬಂದಳು. ಊರಿಗೆ ಹೋಗಿ ಬಂದಿದ್ದಳು, ಪಾದವೆಲ್ಲ ಧೂಳು. ಕನ್ನಪ್ಪನ ಮನೆಯ ಹಿತ್ತಲಲ್ಲಿ ಆ ಕಲ್ಲನ್ನು ಕಿತ್ತು, ಅದರ ಕೆಳಗಿನ ಮಣ್ಣನ್ನು ಕೈಯಿಂದಲೇ ತೋಡಿ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. ನನ್ನನ್ನು ನೋಡಿದಳು, ಹಿಂಜರಿಯಲಿಲ್ಲ. ಅವನ ಕೆಲಸದ ಮೇಜಿನ ಮೇಲೆ, ತಿರುಪು ಮೊಳೆಗಳ ಪಕ್ಕದಲ್ಲಿ, ಸೆರಗು ಬಿಚ್ಚಿ ಸುರಿದಳು.

"ಇದು ನಿಮ್ದು. ನೀರಿಗೆ ಹೋಗೋದು ಬ್ಯಾಡ ಅಂತ ತಂದೆ" ಎಂದಳು. "ಇಪ್ಪತ್ತು ವರ್ಷ ಇದಕ್ಕೆ ಎಡೆ ಇಟ್ಟೆ ನಾನು. ಅತ್ತೆ ಎಲ್ಲ ಗೊತ್ತಿದ್ದೂ ನನ್ನ ಪಕ್ಕ ನಿಂತು ಎಡೆ ಇಟ್ರು."

ಹುಲಿಯಪ್ಪ ಮಣ್ಣಿಗೆ ತಾಗಿದ ತಿರುಪು ಮೊಳೆಗಳನ್ನು ಒಂದೊಂದಾಗಿ ಆಚೆ ಸರಿಸಿದ.

"ಹನ್ನೆರಡು ವರ್ಷ ಬ್ಯಾಡಾಗಿತ್ತು. ಕೂಡಿಕೆ ಆಗಿ ಒಂದೇ ವರ್ಷಕ್ಕೆ ಬಂದಾನೆ ಅಂವ. ಒಂದು ವರ್ಷ ಕಾಯ್ತಿರ್ಲಿಲ್ವಾ ನಾನು?"

ಅಷ್ಟು ಹೇಳಿ ಸೆರಗು ಕೊಡವಿಕೊಂಡು ಶೆಡ್ಡಿನ ಹಿಂದಿನ ಮನೆಯೊಳಕ್ಕೆ ಹೋದಳು. ಒಲೆಯ ಹೊಗೆ ಬಂತು, ಅಡಿಗೆ ಶುರುಮಾಡಿದ್ದಳು. ಅವನನ್ನು ಬಿಟ್ಟು ಹೋದಳು, ಬಾವಿಗೆ ಹಾರಿದಳು ಎಂದೆಲ್ಲ ಊರವರು ಕಟ್ಟಿದ ಕತೆಗಳು ಹಸೀ ಸುಳ್ಳು. ಅವಳು ಎಲ್ಲಿಗೂ ಹೋಗಲಿಲ್ಲ. ಹೊತ್ತು ಹೊತ್ತಿಗೆ ಬಡಿಸಿದಳು, ಕಾಲಿಗೆ ಎಣ್ಣೆ ಕಾಸಿ ಕೊಟ್ಟಳು, ಮಗಳ ಮದುವೆಯಲ್ಲಿ ಅವನ ಪಕ್ಕ ನಿಂತು ಧಾರೆ ಎರೆದಳು. ಆದರೆ ನಾನಿದ್ದಾಗ ಒಂದು ದಿನವೂ ಅವಳು ಅವನ ಜೊತೆ ಕೂತು ಮಾತಾಡಿದ್ದನ್ನು ಕಂಡಿಲ್ಲ. ಮುಂಚೆ ಆ ಶೆಡ್ಡಿನ ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತಾ ಅವನನ್ನು ಗೇಲಿ ಮಾಡುತ್ತಿದ್ದಳು. ಆ ಹೊಸ್ತಿಲು ಆಮೇಲೆ ಖಾಲಿಯಾಗಿಯೇ ಇತ್ತು.

ಆ ಮಳೆಗಾಲದಲ್ಲಿ ನೀರು ಬಂದು ಊರು ಮುಳುಗಿತು. ಹುಲಿಯಪ್ಪ ಐದು ವರ್ಷ ಬದುಕಿದ. ಮಣ್ಣನ್ನು ಮೇಜಿನಿಂದ ತೆಗೆಯಲಿಲ್ಲ, ಅದರ ಪಕ್ಕದಲ್ಲೇ ಅರ ಉಜ್ಜುತ್ತಿದ್ದ, ಕಬ್ಬಿಣದ ಪುಡಿ ಅದರ ಮೇಲೆ ಬೀಳುತ್ತಿತ್ತು. ಗಿರಾಕಿಗಳು ಇದೇನು ಎಂದರೆ ಅವರ ಕೋವಿಯನ್ನು ಕೈಗೆ ತೆಗೆದುಕೊಳ್ಳುತ್ತಿದ್ದ. ಅರವತ್ತೊಂಬತ್ತರ ಬೇಸಿಗೆಯಲ್ಲಿ ಆ ಮೇಜಿಗೆ ತಲೆಯಿಟ್ಟು ಮಲಗಿದವನು ಏಳಲಿಲ್ಲ.

ರಿಪೇರಿಯವನು ಸತ್ತರೆ ಲೈಸೆನ್ಸ್ ರದ್ದು ಮಾಡಿ, ಶೆಡ್ಡಿನಲ್ಲಿದ್ದ ವಸ್ತುಗಳ ಪಟ್ಟಿ ಬರೆದುಕೊಳ್ಳಬೇಕು. ಅದೂ ನನ್ನ ಪಾಲಿಗೇ ಬಂತು. ಹದಿಮೂರನೆಯ ದಿನ ಕಳೆದ ಮೇಲೆ ವಹಿ ಹಿಡಿದು ಹೋದೆ. ಬೆಳ್ಳಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ಒಂದೊಂದೇ ಬರೆದೆ. ತಿರುಪುಳಿ, ಇಂಗ್ಲೆಂಡಿನದು, ಮೂವತ್ತೊಂಬತ್ತರದು. ಕೇಪಿನ ಕೋವಿಯ ನಳಿಗೆ, ಇಸವಿ ತಿಳಿಯದು. ಕಬ್ಬಿಣ ಕಚ್ಚಿ ಹಿಡಿಯುವ ಕೈವಿಸೆ, ಬೊಂಬಾಯಿಯದು, ಐವತ್ತೆರಡರದು. ಮೇಜಿನ ಮೂಲೆಗೆ ಬಂದಾಗ ಪೆನ್ನು ನಿಂತಿತು. ಆ ಮಣ್ಣು ಹಾಗೇ ಇತ್ತು, ಕಬ್ಬಿಣದ ಪುಡಿಯಿಂದ ಕಪ್ಪಾಗಿತ್ತು. ಅದನ್ನು ಬಿಟ್ಟು ಮುಂದಕ್ಕೆ ಹೋಗೋಣ ಎಂದು ಹಾಳೆ ತಿರುಗಿಸಿದೆ.

"ಬಿಡ್ಬ್ಯಾಡಿ" ಎಂದಳು ಬೆಳ್ಳಮ್ಮ.

"ಏನಂತ ಬರೀಲಿ ತಾಯಿ?"

ಅವಳು ಹೊಸ್ತಿಲ ಮೇಲೆ ಕೂತಳು. ಐದು ವರ್ಷದಲ್ಲಿ ಅವಳು ಅಲ್ಲಿ ಕೂತದ್ದು ಅವತ್ತೇ.

"ಮಣ್ಣು. ರಾಂಚೀದು. ನಲವತ್ನಾಲ್ಕರದ್ದು" ಎಂದಳು. "ಅವ್ರು ಇಸವಿ ತಪ್ಪು ಬರ್ಸೋರಲ್ಲ."

ನಾನು ಹಾಗೇ ಬರೆದುಕೊಂಡೆ.